ಚೀಟಿಯಲ್ಲಿ ಬರೆದುಕೊಟ್ಟ ನಂಬರು

ವಿಶ್ವವಿದ್ಯಾಲಯವೊಂದರ ಇತಿಹಾಸ ವಿಭಾಗದಲ್ಲಿ ಪಾಠ ಮಾಡುತ್ತಿರುವ ನನಗೆ ಕೆಲವು ವರ್ಷಗಳ ಹಿಂದೆ, ಅಂಗವೈಕಲ್ಯವಿರುವವರೂ ಸೇರಿದಂತೆ ನೆರವು ಬೇಕಾದ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಸಮಾನ ಅವಕಾಶ ಘಟಕದ ಸಂಯೋಜಕಿಯ ಹೊಣೆಯನ್ನೂ ಹೆಚ್ಚುವರಿಯಾಗಿ ವಹಿಸಿದರು. ಆದೇಶದ ಪ್ರತಿಯ ಜೊತೆಗೆ ನನ್ನ ಕೈಗೆ ಬಂದದ್ದು ಒಂದು ಬೀರುವಿನ ಕೀಲಿಕೈ ಮಾತ್ರ. ಅದೇ ವರ್ಷ, ಎರಡನೆಯ ಸೆಮಿಸ್ಟರಿನ ವಿದ್ಯಾರ್ಥಿನಿಯೊಬ್ಬಳು ಪಾಠ ಮುಗಿದ ಮೇಲೆ ನನ್ನ ಕೊಠಡಿಗೆ ಬಂದು, ರಾತ್ರಿ ನಿದ್ದೆ ಹತ್ತುವುದಿಲ್ಲ, ಪುಸ್ತಕ ಹಿಡಿದರೆ ಓದಿದ್ದೊಂದೂ ತಲೆಗೆ ಹೋಗುವುದಿಲ್ಲ ಎಂದಳು. ಮುಂದಿನ ತರಗತಿಯ ಗಂಟೆ ಆಗಲೇ ಹೊಡೆದಿತ್ತು. ಆಪ್ತಸಮಾಲೋಚಕರೊಬ್ಬರ ನಂಬರನ್ನು ಚೀಟಿಯಲ್ಲಿ ಬರೆದುಕೊಟ್ಟು, “ಫೋನ್ ಮಾಡಮ್ಮ, ಒಳ್ಳೆಯವರು” ಎಂದು ಕಳುಹಿಸಿದೆ. ಒಂದೂವರೆ ತಿಂಗಳ ನಂತರ ಹಾಜರಾತಿ ಕೊರತೆಯ ಪಟ್ಟಿಯಲ್ಲಿ ಅವಳ ಹೆಸರು ಕಂಡಾಗ ಆ ಚೀಟಿ ನೆನಪಾಯಿತು. ಅವಳು ಫೋನ್ ಮಾಡಿರಲೇ ಇಲ್ಲ. “ಆ ಕಡೆಯಿಂದ ಹಲೋ ಅಂದರೆ ಮೊದಲು ಏನು ಹೇಳಬೇಕು ಅಂತಲೇ ಗೊತ್ತಾಗಲಿಲ್ಲ ಮೇಡಂ” ಎಂದಳು.

ಅಂದಿನಿಂದ ನಾನು ಚೀಟಿ ಕೊಟ್ಟು ಕಳುಹಿಸುವುದನ್ನು ಬಿಟ್ಟೆ. ಯಾರಾದರೂ ಹೀಗೆ ಬಂದರೆ ಮೊದಲು ಕುಳಿತುಕೊಳ್ಳಲು ಹೇಳಿ, ಅವರ ಮಾತು ಮುಗಿಯುವವರೆಗೆ ಕೇಳಿ, ಆಮೇಲೆ “ಈಗ ಇಲ್ಲಿಂದಲೇ ಫೋನ್ ಮಾಡೋಣವೇ? ನಾನು ಇರಲೋ, ಹೊರಗೆ ಹೋಗಲೋ?” ಎಂದು ಕೇಳುತ್ತೇನೆ. ಹೆಚ್ಚಿನವರು ಇರಿ ಎನ್ನುತ್ತಾರೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಅದರ ರಾಷ್ಟ್ರೀಯ ಮುಖ್ಯ ಕೇಂದ್ರವಾಗಿದೆ ಮತ್ತು ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಮೊದಲು ಹೇಳಬೇಕಾದ ಎರಡು ವಾಕ್ಯಗಳನ್ನು ಇಬ್ಬರೂ ಸೇರಿ ಹಾಳೆಯ ಮೇಲೆ ಬರೆದುಕೊಳ್ಳುತ್ತೇವೆ. ಅದನ್ನು ಓದಿ ಮುಗಿಸುವಷ್ಟರಲ್ಲಿ ಉಳಿದ ಮಾತು ತಾನೇ ಬರುತ್ತದೆ. ಒಂದು ವಾರದ ಮೇಲೆ ನಾನೇ ಕರೆದು “ಮಾತಾಡಿದೆಯಾ? ಮುಂದಿನ ಭೇಟಿ ಯಾವಾಗ?” ಎಂದಷ್ಟೇ ವಿಚಾರಿಸುತ್ತೇನೆ. ಅವರೊಳಗೆ ಏನು ಮಾತಾಯಿತು ಎಂಬುದು ನನಗೆ ಬೇಕಿಲ್ಲ. 2017ರ ಮಾನಸಿಕ ಆರೋಗ್ಯ ಅಧಿನಿಯಮವು ಚಿಕಿತ್ಸೆಯ ವಿವರಗಳ ಗೋಪ್ಯತೆಯನ್ನು ರೋಗಿಯ ಹಕ್ಕೆಂದೇ ಹೇಳಿದೆ.

ಒಂದು ಪ್ರಶ್ನೆಯನ್ನು ಮಾತ್ರ ನಾನು ಸುತ್ತಿ ಬಳಸಿ ಕೇಳುವುದಿಲ್ಲ. ಮಾತಿನಲ್ಲಿ ಹತಾಶೆ ಕಂಡರೆ “ಸಾಯಬೇಕು ಅನ್ನಿಸುತ್ತಿದೆಯೇ?” ಎಂದು ನೇರವಾಗಿ ಕೇಳುತ್ತೇನೆ. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಎಂದು ಸಹೋದ್ಯೋಗಿಗಳು ಹೆದರುವುದುಂಟು; ತಜ್ಞರ ತಿಳಿವಳಿಕೆ ಅದಕ್ಕೆ ವಿರುದ್ಧವಾಗಿದೆ, ನಾನು ಕಂಡದ್ದೂ ಹಾಗೆಯೇ. ಉತ್ತರ ಹೌದು ಎಂದಾದರೆ ಅಂದಿನ ನನ್ನ ತರಗತಿಗಳು ರದ್ದು. ಅವರನ್ನು ಒಂಟಿಯಾಗಿ ಬಿಡದೆ, ಯಾರಿಗೆ ತಿಳಿಸುತ್ತೇನೆಂಬುದನ್ನು ಅವರಿಗೇ ಮೊದಲು ಹೇಳಿ, ನಂಬಿಕೆಯ ಒಬ್ಬರನ್ನು ಕರೆಸಿ, ಜೊತೆಯಲ್ಲಿ ಜಿಲ್ಲಾಸ್ಪತ್ರೆಯ ಮನೋವೈದ್ಯರ ಬಳಿಗೆ ಹೋಗುತ್ತೇನೆ.

ಅಂಗವೈಕಲ್ಯದ ವಿಷಯದಲ್ಲಿ ತೊಡಕು ಬೇರೆಯ ಬಗೆಯದು. ಪ್ರವೇಶದ ಅರ್ಜಿಯಲ್ಲಿ ಅದಕ್ಕೊಂದು ಕಲಂ ಇದ್ದರೂ, ಹಾಸ್ಟೆಲಿನಲ್ಲಿ ತಿಳಿದುಬಿಡುತ್ತದೆ, ನಾಳೆ ಮದುವೆಗೆ ತೊಂದರೆಯಾಗುತ್ತದೆ ಎಂದು ಅದನ್ನು ಖಾಲಿ ಬಿಡುವವರಿದ್ದಾರೆ. ಮೇಲ್ನೋಟಕ್ಕೆ ಕಾಣದ ತೊಂದರೆಗಳೂ ಇದರಲ್ಲಿ ಸೇರುತ್ತವೆ ಎಂಬುದೇ ಹಲವರಿಗೆ ತಿಳಿದಿರುವುದಿಲ್ಲ. ಅಂಗವಿಕಲರ ಹಕ್ಕುಗಳ 2016ರ ಅಧಿನಿಯಮವು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದ್ದು, ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ, ರಕ್ತ ಸುಲಭವಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಎಲ್ಲವೂ ಅದರಲ್ಲಿವೆ. ಆದ್ದರಿಂದ ಸೆಮಿಸ್ಟರಿನ ಮೊದಲ ವಾರದಲ್ಲಿ ನಾನು ಎಲ್ಲ ತರಗತಿಗಳಿಗೂ ಹೋಗಿ ಐದು ನಿಮಿಷ ಮಾತನಾಡುತ್ತೇನೆ. ಅಲ್ಲಿ ಕೈ ಎತ್ತಲು ಯಾರಿಗೂ ಹೇಳುವುದಿಲ್ಲ, ನನ್ನ ಕೊಠಡಿ ಯಾವ ಹೊತ್ತಿನಲ್ಲಿ ತೆರೆದಿರುತ್ತದೆ ಎಂಬುದನ್ನಷ್ಟೇ ತಿಳಿಸುತ್ತೇನೆ. ಅಂಗವೈಕಲ್ಯದ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇಲ್ಲದೆ ಬರುವ ಹಳ್ಳಿಯ ಮಕ್ಕಳಿಗೆ ಅವರ ಗ್ರಾಮ ಪಂಚಾಯಿತಿಯಲ್ಲಿರುವ ಪುನರ್ವಸತಿ ಕಾರ್ಯಕರ್ತರನ್ನು ಕಾಣಲು ಹೇಳುತ್ತೇನೆ. ಆನ್‌ಲೈನ್ ಅರ್ಜಿಯಲ್ಲಿ ಎಲ್ಲಿ ತಪ್ಪಾಗುತ್ತದೆ ಎಂಬುದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಪರೀಕ್ಷಾ ವಿಭಾಗದ ಜೊತೆ ನಡೆದ ಹಗ್ಗಜಗ್ಗಾಟ ಸಣ್ಣದಲ್ಲ. ಅಂಗವೈಕಲ್ಯ ಶೇ. 40ಕ್ಕಿಂತ ಕಡಿಮೆ ಇದ್ದವರಿಗೆ, ಅವರು ಹೇಳಿದ ಉತ್ತರವನ್ನು ಬರೆದುಕೊಡುವ ಬರಹಗಾರರ ನೆರವು ಕೊಡಲು ಬರುವುದಿಲ್ಲ ಎಂದು ವಿಷಯ ನಿರ್ವಾಹಕರು ಕಡತವನ್ನು ಎರಡು ಸಲ ಹಿಂದಿರುಗಿಸಿದರು. ಬರೆಯಲು ಕಷ್ಟವಿರುವವರಿಗೆ ಈ ಮಿತಿಯನ್ನು ಅಡ್ಡ ತರಬಾರದೆಂದು ಸುಪ್ರೀಂ ಕೋರ್ಟ್ 2021ರಲ್ಲಿ ವಿಕಾಶ್ ಕುಮಾರ್ ಪ್ರಕರಣದಲ್ಲಿ ಹೇಳಿದೆ, ಕೇಂದ್ರ ಸರ್ಕಾರ 2022ರಲ್ಲಿ ಅದಕ್ಕೆ ಪ್ರತ್ಯೇಕ ಮಾರ್ಗಸೂಚಿಯನ್ನೂ ಹೊರಡಿಸಿತ್ತು. ಅವೆರಡರ ಪ್ರತಿಗಳನ್ನು ಲಗತ್ತಿಸಿ, ಗಂಟೆಗೆ 20 ನಿಮಿಷದಂತೆ ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ ಹೆಚ್ಚುವರಿ ಸಮಯವನ್ನೂ ಕೋರಿದ ಮೇಲೆ ಮೂರನೆಯ ಸಲ ಸಹಿ ಬಿತ್ತು. ಆ ನಿರ್ವಾಹಕರದ್ದು ದುರುದ್ದೇಶವಾಗಿರಲಿಲ್ಲ. ಅವರ ಮೇಜಿನ ಮೇಲಿದ್ದದ್ದು ಹಳೆಯ ಸುತ್ತೋಲೆ.

ನನ್ನದೇ ಮೇಜಿನ ತಪ್ಪನ್ನು ತೋರಿಸಿಕೊಟ್ಟವನು ದೃಷ್ಟಿದೋಷವಿದ್ದ ಒಬ್ಬ ವಿದ್ಯಾರ್ಥಿ. ನಾನು ಹೆಮ್ಮೆಯಿಂದ ಕಳುಹಿಸಿದ ಟಿಪ್ಪಣಿಗಳನ್ನು ಅವನು ಲ್ಯಾಪ್‌ಟಾಪಿನಲ್ಲಿ ತೆರೆದು, ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಎನ್‌ವಿಡಿಎ ತಂತ್ರಾಂಶದಿಂದ ಓದಿಸಿ ನನಗೆ ಕೇಳಿಸಿದ. ‘ಕನ್ನಡ’ ಎಂಬ ಪದ ಬಂದಲ್ಲಿ ಅದು ಪಿ ಎಂದು ಶುರುಮಾಡಿ ಏನೇನೋ ಗೊಣಗಿತು. ನಾನು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದೆ. ಪರದೆಯ ಮೇಲೆ ಕಾಣುವುದು ಕನ್ನಡವಾದರೂ ಕಡತದೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳು. ಯೂನಿಕೋಡಿಗೆ ಪರಿವರ್ತಿಸಿ, ಅರ್ಕಾವತ್ತುಗಳು ಜಾಗ ತಪ್ಪಿದ್ದಲ್ಲಿ ತಿದ್ದಿ ಕೊಟ್ಟ ಮೇಲೆ ಅವನಿಗೆ ಪಾಠ ಕೇಳಿಸಿತು. ಆರು ಘಟಕಗಳ ಟಿಪ್ಪಣಿಗೆ ನಾಲ್ಕು ಸಂಜೆ ಹಿಡಿಯಿತು.

ಇನ್ನೂ ಬಗೆಹರಿಯದ್ದು ಪರೀಕ್ಷಾ ಕೊಠಡಿಯ ಮಾತು. ಕಟ್ಟಡದಲ್ಲಿ ಲಿಫ್ಟ್ ಇಲ್ಲ, ಆಸನ ಹಂಚಿಕೆ ಮಾತ್ರ ಪ್ರತಿ ಸಲವೂ ಎರಡನೆಯ ಮಹಡಿಗೇ ಬೀಳುತ್ತದೆ. ಹೀಗಾಗಿ ಪರೀಕ್ಷೆಗೆ ಒಂದು ತಿಂಗಳ ಮುಂಚೆ, ಗಾಲಿಕುರ್ಚಿ ಬಳಸುವವರ ನೋಂದಣಿ ಸಂಖ್ಯೆಗಳನ್ನು ನಮೂದಿಸಿ, ನೆಲಮಹಡಿಯ ಕೊಠಡಿ ಕೋರಿ ಪತ್ರ ಬರೆಯುತ್ತೇನೆ. ಹಿಂದಿನ ದಿನ ಸಂಜೆ ನಾನೇ ಹೋಗಿ ಬಾಗಿಲಿಗೆ ಅಂಟಿಸಿದ ಪಟ್ಟಿಯನ್ನು ನೋಡಿ ಬರುತ್ತೇನೆ.