ಪರದೆಯ ಜೊತೆ ಕೈಯೂ ಕಾಣಬೇಕು: ವಾಸ್ಕೋದಲ್ಲಿ ನನ್ನ ಡಿಜಿಟಲ್ ಚಿತ್ರದ ಡೆಮೊ

ಡಿಜಿಟಲ್ ಚಿತ್ರ ಬರೆಯುವುದನ್ನು ಜನರೆದುರು ತೋರಿಸುವಾಗ ಪರದೆಯಷ್ಟೇ ಕಂಡರೆ ಸಾಲದು, ಕೈಯೂ ಕಾಣಬೇಕು. ಗೋವಾದ ವಾಸ್ಕೋದ ಕಲಾ ಹಬ್ಬದಲ್ಲಿ ಡೆಮೊ ಮಾಡುತ್ತಾ ಮಾಡುತ್ತಾ ನನಗೆ ಗಟ್ಟಿಯಾದ ನಂಬಿಕೆ ಇದು.

ನಾನು ಕುಮಟಾದವನು. ಪಣಜಿಯಲ್ಲಿ ಪುಸ್ತಕಗಳಿಗೆ, ಪೊಟ್ಟಣಗಳಿಗೆ ಚಿತ್ರ ಬರೆಯುವುದು ನನ್ನ ಕೆಲಸ. ವಾಸ್ಕೋ ಕಡೆ ಕನ್ನಡದವರು ಜಾಸ್ತಿ. ಬೈನಾ, ಝುವಾರಿನಗರದ ಓಣಿಗಳಲ್ಲಿ ಬಾಗಲಕೋಟೆ, ಗದಗ, ವಿಜಯಪುರದ ಮಾತು ಕೇಳುತ್ತಲೇ ಇರುತ್ತದೆ. ಅಲ್ಲಿನ ಕನ್ನಡಿಗರು ಸೇರಿ ಮಾಡುವ ಕಲಾ ಹಬ್ಬದಲ್ಲಿ ರಂಗೋಲಿ, ಭಜನೆ, ಮಕ್ಕಳ ನಾಟಕದ ನಡುವೆ ನನಗೂ ಒಂದು ಮೂಲೆ ಕೊಡುತ್ತಾರೆ. ಬರುವವರಲ್ಲಿ ಹೆಚ್ಚಿನವರು ದಿನಗೂಲಿ ಕೆಲಸ ಮುಗಿಸಿ, ಮಕ್ಕಳ ಕೈ ಹಿಡಿದು ಬಂದವರು. ಅವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಸರ, ಇದನ್ನ ನೀವು ತೆಗೀತೀರೋ, ಕಂಪ್ಯೂಟರ್ ತೆಗಿತೈತೋ?"

ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಪ್ರಯೋಜನವಿಲ್ಲ. ಹಾಗಾಗಿ ಒಂದು ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ನನ್ನ ಕೈ ಮೇಲಿನಿಂದ ಕಾಣುವಂತೆ ಇಡುತ್ತೇನೆ. ಓಬಿಎಸ್ ಸ್ಟುಡಿಯೋ ಎಂಬ ಉಚಿತ ತಂತ್ರಾಂಶವಿದೆ. ಅದರಲ್ಲಿ ದೊಡ್ಡ ಭಾಗದಲ್ಲಿ ಕ್ಯಾನ್ವಾಸ್, ಅಂದರೆ ಚಿತ್ರ ಮೂಡುವ ಪರದೆ, ಕೆಳಗಿನ ಮೂಲೆಯಲ್ಲಿ ನನ್ನ ಕೈ, ಎರಡನ್ನೂ ಒಟ್ಟಿಗೆ ಪ್ರೊಜೆಕ್ಟರಿಗೆ ಕಳಿಸಬಹುದು. ಮೊಬೈಲನ್ನು ಲ್ಯಾಪ್‌ಟಾಪಿಗೆ ಕೇಬಲ್‌ನಲ್ಲೇ ಜೋಡಿಸಿ. ಜನ ಸೇರಿದ ಜಾಗದಲ್ಲಿ ವೈಫೈ ನಂಬುವಂತಿಲ್ಲ. ಕೈ ಮೇಲೆ ಒಂದು ಸಣ್ಣ ದೀಪ ಬೀಳಲಿ, ಆದರೆ ಅದರ ಬೆಳಕು ಪರದೆಯ ಕಡೆ ಹೋಗದಿರಲಿ. ಇಷ್ಟು ಮಾಡಿ, ಡಿಜಿಟಲ್ ಪೆನ್ನನ್ನು ಹಗುರವಾಗಿ ಎಳೆದು ಒಂದು ಗೆರೆ, ಒತ್ತಿ ಎಳೆದು ಇನ್ನೊಂದು ಗೆರೆ ತೋರಿಸುತ್ತೇನೆ. ಮೊದಲನೆಯದು ತೆಳು, ಎರಡನೆಯದು ದಪ್ಪ. ಪೆನ್ನಿನ ಡಬ್ಬಿಯ ಮೇಲೆ ಒತ್ತಡದ 8192 ಹಂತಗಳು ಅಂತ ಬರೆದಿರುತ್ತದೆ. ಅದನ್ನು ಹೇಳುವ ಅಗತ್ಯವೇ ಬೀಳುವುದಿಲ್ಲ. ಕೈ ಒತ್ತಿದ್ದು ಮೂಲೆಯಲ್ಲಿ ಕಾಣುತ್ತದೆ, ಗೆರೆ ದಪ್ಪಗಾದದ್ದು ಎದುರಿಗೆ ಕಾಣುತ್ತದೆ. ಯಾರು ತೆಗೆಯುತ್ತಾರೆ ಎಂಬ ಪ್ರಶ್ನೆ ಅಲ್ಲಿಗೆ ಮುಗಿಯುತ್ತದೆ.

ಪೆಂಡಾಲಿನಲ್ಲಿ ಪ್ರೊಜೆಕ್ಟರ್ ಇಡುವವರಿಗೆ ಒಂದು ಮಾತು. ಸಂಜೆ ಪೂರ್ತಿ ಕತ್ತಲಾಗುವ ಮೊದಲು, ಟ್ಯೂಬ್‌ಲೈಟುಗಳ ನಡುವೆ, ಗಾಢ ಬಣ್ಣಗಳೆಲ್ಲ ಬೂದಿ ಬಣ್ಣಕ್ಕೆ ತಿರುಗುತ್ತವೆ. ಪ್ರೊಜೆಕ್ಟರ್ ಕಪ್ಪನ್ನು ಹಾಕಲಾರದು, ಬೆಳಕನ್ನಷ್ಟೇ ಹಾಕಬಲ್ಲದು. ಹೀಗಾಗಿ ಬಿಳಿ ನೆಲ, ಒಂದೇ ಗಟ್ಟಿ ಬಣ್ಣ, ದಪ್ಪ ಗೆರೆ ಇರುವ ಚಿತ್ರವನ್ನೇ ಆರಿಸಿಕೊಳ್ಳಬೇಕು. ರಾತ್ರಿಯ ಸಮುದ್ರ, ದಟ್ಟ ಕಾಡು ಇಂಥವು ಮನೆಯಲ್ಲಿ ಚೆಂದ, ಪೆಂಡಾಲಿನಲ್ಲಿ ಬೇಡ. ಚಿತ್ರ ಬರೆಯಲು ನಾನು ಬಳಸುವ ಕ್ರಿತಾ ಎಂಬ ತಂತ್ರಾಂಶ ಕೂಡ ಉಚಿತ. ಅದರಲ್ಲಿ ಟ್ಯಾಬ್ ಕೀ ಒತ್ತಿದರೆ ಸುತ್ತಲಿನ ಪಟ್ಟಿಗಳೆಲ್ಲ ಮರೆಯಾಗಿ ಚಿತ್ರವೊಂದೇ ಉಳಿಯುತ್ತದೆ. ಹಿಂದಿನ ಸಾಲಿನವರಿಗೂ ಕಾಣುತ್ತದೆ.

ಒಂದೇ ಗಟ್ಟಿ ಬಣ್ಣದ ಚಿತ್ರ ಅಂದಾಗ ನನಗೆ ಬೇರೆಲ್ಲೂ ಹುಡುಕಬೇಕಾಗಲಿಲ್ಲ. ಗೋವಾ, ಕೊಂಕಣ, ನಮ್ಮ ಉತ್ತರ ಕನ್ನಡದ ಹಳೆಯ ದೇವಸ್ಥಾನಗಳ ಗೋಡೆಗಳಲ್ಲಿ ಕಾವಿ ಕಲೆ ಇದೆಯಲ್ಲ, ಅದೇ ಸಾಕು. ಕೆಂಪು ಮತ್ತು ಬಿಳಿ, ಎರಡೇ ಬಣ್ಣ. ಬಳ್ಳಿ, ಹೂವಿನ ಚಕ್ರ, ಅಂಚಿನ ಪಟ್ಟಿ, ದೇವರು, ಪ್ರಾಣಿಗಳು. ಚಿಕ್ಕಂದಿನಿಂದ ಅದನ್ನು ನೋಡುತ್ತಾ ಬೆಳೆದವನು ನಾನು. ಎಷ್ಟೋ ಕಡೆ ಜೀರ್ಣೋದ್ಧಾರದ ಹೆಸರಿನಲ್ಲಿ ಆ ಗೋಡೆಗಳನ್ನು ಕೆಡವಿ ಟೈಲ್ಸ್ ಹಾಕಿದ್ದಾರೆ. ಅದನ್ನು ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ. ಉಳಿದಿರುವುದನ್ನು ಮಕ್ಕಳು ಒಮ್ಮೆಯಾದರೂ ಕಣ್ಣಿಟ್ಟು ನೋಡಲಿ ಎಂಬ ಆಸೆಯೂ ಈ ಆಯ್ಕೆಯ ಹಿಂದೆ ಇದೆ.

ಕಾವಿಯ ಕೆಲಸದ ರೀತಿ ಡಿಜಿಟಲ್ ಚಿತ್ರದಲ್ಲಿ ಒಂದರ ಮೇಲೊಂದು ಇಡುವ ಪದರ, ಅಂದರೆ ಲೇಯರ್‌ಗೆ ಎಷ್ಟು ಹತ್ತಿರ ಅಂದರೆ, ಬೇರೆ ವಿವರಣೆಯೇ ಬೇಕಿಲ್ಲ. ಗೋಡೆಗೆ ಮೊದಲು ಸುಣ್ಣದ ಬಿಳಿ ಗಾರೆ. ಅದರ ಮೇಲೆ ಕೆಮ್ಮಣ್ಣು ಬೆರೆಸಿದ ಸುಣ್ಣದ ತೆಳು ಪದರ. ಹಸಿ ಇರುವಾಗಲೇ ಚೂಪಾದ ಸಲಾಕೆಯಿಂದ ಕೆಂಪನ್ನು ಕೆರೆದರೆ ಕೆಳಗಿನ ಬಿಳಿ ಕಾಣುತ್ತದೆ. ನಾನು ಪರದೆಯ ಮೇಲೆ ಮಾಡುವುದೂ ಇಷ್ಟೇ. ಕೆಳಗೆ ಬಿಳಿ ಲೇಯರ್, ಮೇಲೆ ಕಾವಿ ಬಣ್ಣದ ಲೇಯರ್. ಮೇಲಿನದಕ್ಕೆ ಒಂದು ಮಾಸ್ಕ್, ಅಂದರೆ ಲೇಯರಿನ ಬೇಕಾದ ಭಾಗವನ್ನು ಮರೆಮಾಡುವ ಮುಸುಕು, ಹಾಕಿ, ಮಾಸ್ಕ್ ಮೇಲೆ ಕಪ್ಪಿನಲ್ಲಿ ಬರೆಯುತ್ತೇನೆ. ಬರೆದಲ್ಲೆಲ್ಲ ಕೆಂಪು ಮಾಯವಾಗಿ ಬಿಳಿ ಬಳ್ಳಿ ಹೊರಬರುತ್ತದೆ. ಮಾಸ್ಕ್ ಮೇಲೆ ಬಿಳಿ ಬಳಿದರೆ ಕೆಂಪು ವಾಪಸ್. ಹೂವಿನ ಚಕ್ರಕ್ಕೆ ಮಲ್ಟಿಬ್ರಷ್ ಎಂಬ ಸಾಧನ ಇದೆ. ಒಂದು ಎಸಳು ಬರೆದರೆ ಸುತ್ತಲೂ ಎಸಳು ಮೂಡುತ್ತವೆ. ಆದರೆ ಇಡೀ ಚಿತ್ರವನ್ನು ಅದರಲ್ಲೇ ಮುಗಿಸುವುದು ನನಗೆ ಇಷ್ಟವಿಲ್ಲ. ಗೋಡೆಯ ಮೇಲಿನ ಹೂವುಗಳಲ್ಲಿ ಒಂದು ಎಸಳಿನಂತೆ ಇನ್ನೊಂದು ಇರುವುದಿಲ್ಲ, ಅದರಲ್ಲೇ ಜೀವ ಇದೆ. ಹಾಗಾಗಿ ಚಕ್ರದ ಅಳತೆಗೆ ಮಾತ್ರ ಅದನ್ನು ಬಳಸಿ, ಒಳಗಿನ ಗೆರೆಗಳನ್ನು ಕೈಯಲ್ಲೇ ಎಳೆಯುತ್ತೇನೆ.

ತಪ್ಪಿದ ಗೆರೆಯನ್ನು ಎಲ್ಲರೆದುರೇ ಅಂಡೂ ಮಾಡುತ್ತೇನೆ, ಅಂದರೆ ಎಳೆದದ್ದನ್ನು ಹಿಂತೆಗೆಯುತ್ತೇನೆ. ಮುಚ್ಚಿಡುವುದಿಲ್ಲ. ನಮ್ಮ ಕೆಲಸದಲ್ಲಿ ಅಳಿಸುವುದು ಎಷ್ಟು ಇದೆ ಅಂತ ಮಕ್ಕಳಿಗೆ ಗೊತ್ತಾಗಬೇಕು. ಕಾವಿ ಮಾಡುತ್ತಿದ್ದವರಿಗೆ ಆ ಅವಕಾಶ ಎಷ್ಟು ಕಡಿಮೆ ಇತ್ತು ಅಂತಲೂ ಗೊತ್ತಾಗಬೇಕು.

ಮಾತಿನ ಭಾಗವನ್ನು ಚಿಕ್ಕದಾಗಿಯೇ ಇಡುತ್ತೇನೆ. 1963ರಲ್ಲಿ ಐವನ್ ಸದರ್ಲ್ಯಾಂಡ್ ಬೆಳಕಿನ ಪೆನ್ನಿನಿಂದ ಪರದೆಯ ಮೇಲೆಯೇ ಗೆರೆ ಎಳೆಯುವ ಸ್ಕೆಚ್‌ಪ್ಯಾಡ್ ಮಾಡಿ ತೋರಿಸಿದ್ದು, 1968ರಲ್ಲೇ ವೆರಾ ಮೋಲ್ನಾರ್ ಎಂಬ ಕಲಾವಿದೆ ಕಂಪ್ಯೂಟರಿನಿಂದ ಚಿತ್ರ ಬರೆಸಲು ತೊಡಗಿದ್ದು, ಇಷ್ಟು ಹೇಳಿದರೆ ಇದು ನಿನ್ನೆ ಮೊನ್ನೆಯ ಮಾತಲ್ಲ ಎಂದು ತಿಳಿಯುತ್ತದೆ. ಉಳಿದ ಹೊತ್ತೆಲ್ಲ ಪ್ರಶ್ನೆಗಳಿಗೆ.

ಈಗೀಗ ಎಐ ಬಗ್ಗೆ ಕೇಳದವರಿಲ್ಲ. ಒಬ್ಬ ತಾಯಿ ನೇರವಾಗಿ ಕೇಳಿದರು: "ಹೇಳಿದ್ರ ಸಾಕು, ಎಐ ಚಿತ್ರ ಕೊಡತೈತಂತಲ್ರೀ. ನನ್ನ ಮಗಳು ಯಾಕ ಕಲೀಬೇಕು?" ನ್ಯಾಯವಾದ ಪ್ರಶ್ನೆ. 2022ರ ನಂತರ ಇಂಥ ಸಾಧನಗಳು ಎಲ್ಲರ ಕೈಗೂ ಬಂದಿವೆ, ಸಣ್ಣಪುಟ್ಟ ಕೆಲಸಕ್ಕೆ ಅವನ್ನೇ ಬಳಸುವವರೂ ಇದ್ದಾರೆ. ನಾನು ಆ ಹುಡುಗಿಯನ್ನೇ ಕರೆದು, ನಿಮ್ಮ ಮನೆ ಎದುರಿನ ತುಳಸಿ ಕಟ್ಟೆ ಬರಿ ಅಂದೆ. ಅವಳು ಕಟ್ಟೆ ಬರೆದು, ಒಂದು ಮೂಲೆ ಮುರಿದಂತೆ ತೋರಿಸಿ, ಪಕ್ಕದಲ್ಲಿ ನೀರಿನ ಡ್ರಮ್ ಇಟ್ಟಳು. "ಅಕ್ಕಾ, ಈ ಮುರಿದ ಮೂಲೆ ನಿಮ್ಮ ಮಗಳು ನೋಡಿದ್ದಕ್ಕೆ ಚಿತ್ರಕ್ಕೆ ಬಂತು. ನೋಡುವುದನ್ನು ಕಲಿಯಲಿ ಅಂತ ಬರೆಯುವುದನ್ನು ಕಲಿಸಿ" ಅಂದೆ. ಹಣದ ವಿಷಯದಲ್ಲಿ ನಾನು ಯಾವ ಭರವಸೆಯನ್ನೂ ಕೊಡಲಿಲ್ಲ, ಕೊಡಲೂಬಾರದು.

ಮಕ್ಕಳ ಬಳಿ ಇರುವುದು ಅಪ್ಪನ ಮೊಬೈಲ್ ಮಾತ್ರ. ಅದಕ್ಕೆ ಮಾಸ್ಕ್ ಗೀಸ್ಕ್ ಬೇಡ. ಐಬಿಸ್ ಪೇಂಟ್‌ನಂಥ ಯಾವುದಾದರೂ ಉಚಿತ ಆ್ಯಪ್‌ನಲ್ಲಿ ಬಿಳಿ ಲೇಯರ್ ಮೇಲೆ ಇನ್ನೊಂದು ಲೇಯರ್ ಇಟ್ಟು ಅದಕ್ಕೆ ಕಾವಿ ಬಣ್ಣ ತುಂಬಿ, ರಬ್ಬರಿನಿಂದ ಕೆರೆದರೆ ಆಯಿತು. ಬೆರಳಿನಲ್ಲೇ ಚೆನ್ನಾಗಿ ಬರುತ್ತದೆ. ಅಚ್ಚು ಹಾಕಿಸುವ ಯೋಚನೆ ಇದ್ದರೆ ಎ4 ಹಾಳೆಗೆ 2480 ಅಡ್ಡ, 3508 ಉದ್ದ ಪಿಕ್ಸೆಲ್ ಅಳತೆಯಲ್ಲಿ ಶುರು ಮಾಡಿ. ಪರದೆಯ ಮಿಂಚುವ ಹಸಿರು, ನೀಲಿಗಳು ಕಾಗದಕ್ಕೆ ಬಂದಾಗ ಮಂಕಾಗುತ್ತವೆ. ಕಾವಿ ಕೆಂಪು ಹೆಚ್ಚುಕಡಿಮೆ ಹಾಗೆಯೇ ಬರುತ್ತದೆ.

ಕೊನೆಯ ಸಲದ ಡೆಮೊದಲ್ಲಿ ಅತ್ಯಂತ ಒಳ್ಳೆಯ ಮಾತು ಬಂದದ್ದು ಒಬ್ಬ ಗೌಂಡಿಯಿಂದ. ಗದಗ ಕಡೆಯವರು, ಇಲ್ಲಿ ಗಿಲಾಯ್, ಅಂದರೆ ಗೋಡೆಗೆ ಗಾರೆ ಬಳಿಯುವ ಕೆಲಸ ಮಾಡುತ್ತಾರೆ. ಅಷ್ಟು ಹೊತ್ತು ಹಿಂದೆ ನಿಂತು ನೋಡುತ್ತಿದ್ದವರು ಮುಂದೆ ಬಂದು, "ಸರ, ನೀವು ಒಮ್ಮೆಲೆ ಇಡೀ ಗ್ವಾಡಿಗೆ ಕೆಂಪು ಬಳದ್ರಿ. ಅಷ್ಟು ಕೆರಿಯೂದ್ರಾಗ ಅದು ಒಣಗತೈತಿ. ಒಣಗಿದ ಮ್ಯಾಲೆ ಕೆರದ್ರ ಅಂಚು ಉದರತೈತಿ. ಅವರು ತುಂಡು ತುಂಡು ಮಾಡಿರಬೇಕು" ಅಂದರು. ನಾನು ಪೆನ್ನನ್ನು ಅವರ ಕೈಗೆ ಕೊಟ್ಟೆ. ಕರಣಿ ಹಿಡಿಯುವ ಕೈ. ಮೂಲೆಯ ಕ್ಯಾಮೆರಾದಲ್ಲಿ ಆ ಕೈ ಕಂಡಾಗ ಪೆಂಡಾಲಿನಲ್ಲಿ ಶಿಳ್ಳೆ ಬಿದ್ದವು. ಬಳ್ಳಿಯ ಗೆರೆ ನನ್ನದಕ್ಕಿಂತ ಸ್ಥಿರವಾಗಿ ಬಂತು.

ಮುಂದಿನ ಹಬ್ಬಕ್ಕೆ ಅವರೂ ನಾನೂ ಜೊತೆಯಲ್ಲಿ ಕೂರುವುದು ಎಂದು ಮಾತಾಗಿದೆ. ಅವರು ಒಂದು ಹಲಗೆಯ ಮೇಲೆ ನಿಜವಾದ ಸುಣ್ಣ, ಕೆಮ್ಮಣ್ಣು ಮೆತ್ತಿ ಕೆರೆಯುತ್ತಾರೆ, ನಾನು ಅದೇ ಬಳ್ಳಿಯನ್ನು ಪರದೆಯ ಮೇಲೆ. ಸುಣ್ಣವನ್ನು ಬೆಲ್ಲದ ನೀರಿನಲ್ಲಿ ವಾರಗಟ್ಟಲೆ ಕೊಳೆಹಾಕುತ್ತಿದ್ದರಂತೆ, ಹಾಗಾಗಿ ತಯಾರಿಯನ್ನು ಬೇಗ ಶುರು ಮಾಡಬೇಕು. ಮೊಬೈಲ್ ಸ್ಟ್ಯಾಂಡ್ ಇನ್ನೊಂದು ಬೇಕಾಗುತ್ತದೆ.