ಪಾಸ್‌ವರ್ಡ್ ಸರಿಯೇ ಇತ್ತು: ನಾಲ್ಕು ಸಾಧನಗಳು, ಹನ್ನೊಂದು ವಾರಗಳು

ರೂಟರ್ ಆರಿಸಿ ಮತ್ತೆ ಹಾಕುವುದು, ನೆಟ್‌ವರ್ಕನ್ನು ಅಳಿಸಿ ಹೊಸದಾಗಿ ಸೇರಿಸುವುದು, ಕ್ಯಾಪಿಟಲ್ ಅಕ್ಷರ ಸರಿಯಿದೆಯೇ ಎಂದು ನೋಡುವುದು ಇವೆಲ್ಲ ನಿಮಗೆ ಗೊತ್ತಿದೆ ಎಂದುಕೊಂಡೇ ಬರೆಯುತ್ತಿದ್ದೇನೆ. ಅಷ್ಟನ್ನೂ ಮಾಡಿ ಸೋತವರಿಗಾಗಿ ಇದು.

ನಮ್ಮ ಹಳೆಯ ರೂಟರ್ ಸುಮಾರು ಆರು ವರ್ಷ ದುಡಿದು ಕೈಕೊಟ್ಟಿತು. ಹೊಸದನ್ನು ತಂದು ಹಳೆಯ ಹೆಸರನ್ನೇ ಇಟ್ಟು, ಹಳೆಯ ಪಾಸ್‌ವರ್ಡನ್ನೇ ಕೊಟ್ಟೆ. ಹೀಗೆ ಮಾಡಿದರೆ ಮನೆಯ ಸಾಧನಗಳು ತಾವಾಗಿಯೇ ಬಂದು ಸೇರಿಕೊಳ್ಳುತ್ತವೆ ಎಂಬುದು ನಮ್ಮೆಲ್ಲರ ನಂಬಿಕೆ. ಹದಿನಾಲ್ಕರಲ್ಲಿ ಹತ್ತು ಸೇರಿದವು. ಪ್ರಿಂಟರ್, ಮೇಲಿನ ಕೋಣೆಯಲ್ಲಿದ್ದ ಮಗಳ ಲ್ಯಾಪ್‌ಟಾಪ್, ನಾನು ಅಳಿಸಿ ಅಪ್ಪನಿಗೆ ಕೊಟ್ಟಿದ್ದ ನನ್ನ ಹಿಂದಿನ ಫೋನ್, ಗೇಟಿನ ಕ್ಯಾಮೆರಾ ಈ ನಾಲ್ಕೂ ಒಂದೇ ಮಾತು ಹಿಡಿದು ಕುಳಿತವು: ಪಾಸ್‌ವರ್ಡ್ ತಪ್ಪಾಗಿದೆ.

ನಾಲ್ಕೂ ಒಂದೇ ಮಾತು ಹೇಳಿದ್ದರಿಂದ ಕಾರಣವೂ ಒಂದೇ ಇರಬೇಕು ಎಂದುಕೊಂಡೆ. ಹನ್ನೊಂದು ವಾರ ಹಾಳಾದದ್ದು ಆ ಒಂದು ಎಣಿಕೆಯಿಂದ.

ಮೊದಲು ಖರ್ಚಿನ ಲೆಕ್ಕ ಹೇಳುತ್ತೇನೆ. ಇಂಟರ್ನೆಟ್ ಸೇವೆಯ ಕಡೆಯ ತಂತ್ರಜ್ಞರು ಎರಡು ಸಲ ಬಂದರು, ಎರಡು ಸಲವೂ ಭೇಟಿಯ ಶುಲ್ಕ ಕೊಟ್ಟೆ. ಮೊದಲ ಸಲ ಪಾಸ್‌ವರ್ಡ್ ಬದಲಿಸಿ ಮತ್ತೆ ಹಳೆಯದನ್ನೇ ಹಾಕಿದರು. ಎರಡನೆಯ ಸಲ ರೂಟರ್ ಕೆಟ್ಟಿದೆ ಎಂದರು. ಆ ಮಾತು ನಂಬಿ ಇನ್ನೊಂದು ರೂಟರ್ ತಂದೆ. ಅದರಲ್ಲಿಯೂ ಅದೇ ನಾಲ್ಕು ಸಾಧನಗಳು ಹೊರಗುಳಿದವು. ಲ್ಯಾಪ್‌ಟಾಪಿಗೆಂದು ಯುಎಸ್‌ಬಿ ವೈ-ಫೈ ಡಾಂಗಲ್ ಕೊಂಡೆ, ಅದೂ ಪಾಸ್‌ವರ್ಡ್ ತಪ್ಪು ಎಂದಿತು. ಎಲ್ಲ ಕೂಡಿಸಿದರೆ ಹೊಸ ಪ್ರಿಂಟರ್ ಬೆಲೆಯ ಮುಕ್ಕಾಲು ಪಾಲು ಹೋಗಿರಬಹುದು. ಕೊನೆಗೆ ಕೆಲಸ ಮಾಡಿದ ದಾರಿಗೆ ಒಂದು ಕಾಸೂ ಬೀಳಲಿಲ್ಲ ಎಂಬುದು ಈಗಲೂ ನನ್ನನ್ನು ಚುಚ್ಚುತ್ತದೆ.

"ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡಿ ಭಾವ, ಆ ಪ್ರಿಂಟರ್ ಎತ್ತಿ ಹಾಕಿ" ಎಂದು ನನ್ನ ಭಾವಮೈದುನ ವಾರಕ್ಕೊಮ್ಮೆ ಹೇಳುತ್ತಿದ್ದ. ಕಚೇರಿಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಇಬ್ಬರು ಗೆಳೆಯರೂ ಅದನ್ನೇ ಹೇಳಿದರು. ಮನೆಯ ರೂಟರಿನಲ್ಲಿ ಇಷ್ಟೊಂದು ಪತ್ತೇದಾರಿಕೆ ನಡೆಯುವುದಿಲ್ಲ, ಫ್ಯಾಕ್ಟರಿ ರೀಸೆಟ್ ಮಾಡಿ ದೇವರ ಮೇಲೆ ಭಾರ ಹಾಕು ಎಂಬುದು ಅವರ ತೀರ್ಮಾನ.

ದಾರಿ ತೋರಿಸಿದ್ದು ಒಂದು ಪದ. ಬೇಸರದಿಂದ ಒಂದು ರಾತ್ರಿ ಮಗಳ ಲ್ಯಾಪ್‌ಟಾಪನ್ನು ಲಿನಕ್ಸ್‌ನಲ್ಲಿ ಎಬ್ಬಿಸಿ, ವೈ-ಫೈ ಸೇರಿಸುವ ಪ್ರೋಗ್ರಾಮಿನ ಲಾಗ್ (ನಡೆದದ್ದರ ದಾಖಲೆ) ತೆರೆದು ಕುಳಿತೆ. ಅಲ್ಲಿ ಇದ್ದದ್ದು, ನಾಲ್ಕು ಸಂದೇಶಗಳ ಹ್ಯಾಂಡ್‌ಶೇಕ್ ವಿಫಲವಾಯಿತು, ಕೀಲಿ ತಪ್ಪಿರಬಹುದು ಎಂಬ ಅರ್ಥದ ಸಾಲು. ತಪ್ಪಿರಬಹುದು! ಪರದೆಯ ಮೇಲೆ "ತಪ್ಪಾಗಿದೆ" ಎಂದು ಖಚಿತವಾಗಿ ಕಾಣಿಸುವುದು ಒಳಗೆ ಬರಿಯ ಊಹೆ. ಡಬ್ಲ್ಯುಪಿಎ2 ಎಂಬ ವೈ-ಫೈ ರಕ್ಷಣಾ ಕ್ರಮದಲ್ಲಿ ಪಾಸ್‌ವರ್ಡ್ ಗಾಳಿಯಲ್ಲಿ ಹೋಗುವುದೇ ಇಲ್ಲ ಎಂಬುದು ನಿಮಗೆ ಗೊತ್ತಿದೆ. ಎರಡೂ ಕಡೆ ಬೇರೆ ಬೇರೆಯಾಗಿ ಕೀಲಿ ಕಟ್ಟಿಕೊಂಡು, ಒಬ್ಬರ ಬಳಿ ಇರುವುದು ಇನ್ನೊಬ್ಬರ ಬಳಿಯೂ ಇದೆಯೇ ಎಂದು ನೋಡುತ್ತವೆ. ಎರಡನೆಯ ಸಂದೇಶ ದಾರಿಯಲ್ಲಿ ಕಳೆದುಹೋದರೂ, ಅದರಲ್ಲಿನ ಸಹಿ ಹೊಂದದೆ ರೂಟರ್ ಅದನ್ನು ಬಿಸಾಡಿದರೂ ಸಾಧನಕ್ಕೆ ಕಾಣುವುದು ಒಂದೇ: ಉತ್ತರ ಬರಲಿಲ್ಲ. ಉತ್ತರ ಬರದಿದ್ದರೆ ಅದು ಪಾಸ್‌ವರ್ಡಿನ ಮೇಲೆ ತಪ್ಪು ಹೊರಿಸುತ್ತದೆ.

ಅಂದರೆ ಪಾಸ್‌ವರ್ಡನ್ನು ವಿಚಾರಣೆಯಿಂದ ಹೊರಗಿಟ್ಟು ನೋಡಬೇಕು. ನಾನು ಮಾಡಿದ್ದು ಇಷ್ಟೇ. ಅತಿಥಿ ನೆಟ್‌ವರ್ಕನ್ನು ಬೇರೆಯೇ ಹೆಸರಿನಲ್ಲಿ, ಪಾಸ್‌ವರ್ಡೇ ಇಲ್ಲದೆ, ಐದು ನಿಮಿಷ ತೆರೆದೆ. ನಾಲ್ಕು ಸಾಧನಗಳನ್ನೂ ಇದ್ದ ಜಾಗದಲ್ಲಿಯೇ ಅದಕ್ಕೆ ಸೇರಿಸಲು ನೋಡಿದೆ. ಆಮೇಲೆ ಅದೇ ಹೆಸರಿಗೆ ಡಬ್ಲ್ಯುಪಿಎ2 ಮಾತ್ರ, ಎಇಎಸ್ ಎಂಬ ಗೂಢಲಿಪಿ ಮಾತ್ರ, ಎಂಟು ಅಂಕಿಗಳ ಸರಳ ಪಾಸ್‌ವರ್ಡ್. ಆಮೇಲೆ ಅದೇ ಹೆಸರಿಗೆ ನಮ್ಮ ಮನೆಯ ನಿಜವಾದ ಪಾಸ್‌ವರ್ಡ್. ಕೊನೆಗೆ ನಿಜವಾದ ಹೆಸರು. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಮೆಟ್ಟಿಲಿಗೂ ಮೊದಲು ಸಾಧನದಲ್ಲಿ ಹಳೆಯ ನೆನಪು ಅಳಿಸುವುದು, ನೋಟ್‌ಬುಕ್ಕಿನಲ್ಲಿ ಗುರುತು ಹಾಕುವುದು.

ಮೊದಲ ಸಂಜೆ ಈ ಕ್ರಮವೂ ಕೈಕೊಟ್ಟಿತು. ಹಲವು ಸಾಧನಗಳು ಎರಡು ಮೂರು ಸಲ ಸೋತ ಮೇಲೆ ಆ ನೆಟ್‌ವರ್ಕನ್ನು ಸ್ವಲ್ಪ ಹೊತ್ತು ತಾವೇ ಬಹಿಷ್ಕರಿಸುತ್ತವೆ, ಸೋತಷ್ಟೂ ಆ ಅವಧಿ ಹೆಚ್ಚುತ್ತದೆ. ನಾನು ಆತುರದಲ್ಲಿ ಮೇಲಿಂದ ಮೇಲೆ ಒತ್ತುತ್ತಿದ್ದರಿಂದ ಸರಿಯಾದ ಮೆಟ್ಟಿಲೂ ತಪ್ಪೆಂದು ದಾಖಲಾಯಿತು. ಆ ಪುಟ ಹರಿದು ಹಾಕಿ ಮರುದಿನ ಮತ್ತೆ ಶುರು ಮಾಡಿದೆ. ಪ್ರತಿ ಸೋಲಿನ ನಂತರ ಸಾಧನವನ್ನು ಪೂರ್ತಿ ಆರಿಸಿ, ಎರಡು ನಿಮಿಷ ಬಿಟ್ಟು ಹಾಕಿದೆ. ಈ ಎರಡು ನಿಮಿಷದ ತಾಳ್ಮೆ ಇಲ್ಲದವರು ಈ ಕೆಲಸಕ್ಕೆ ಇಳಿಯಬಾರದು.

ಎರಡನೆಯ ಸಂಜೆ ನಾಲ್ಕು ಸಾಧನಗಳು ನಾಲ್ಕು ಬೇರೆ ಕಾರಣಗಳಿಗೆ ಎಡವಿದವು.

ಗೇಟಿನ ಕ್ಯಾಮೆರಾ ಮೊದಲ ಮೆಟ್ಟಿಲನ್ನೇ ಹತ್ತಲಿಲ್ಲ. ಕೇಳಲು ಪಾಸ್‌ವರ್ಡೇ ಇಲ್ಲದ ನೆಟ್‌ವರ್ಕಿಗೂ ಸೇರಲಿಲ್ಲ. ಬಿಚ್ಚಿ ತಂದು ರೂಟರಿನಿಂದ ಎರಡು ಮೀಟರ್ ದೂರದಲ್ಲಿ ಇಟ್ಟಾಗ ನಿಜವಾದ ಪಾಸ್‌ವರ್ಡನ್ನೇ ಮೊದಲ ಸಲಕ್ಕೆ ಒಪ್ಪಿತು. ರೂಟರಿನ ಕೂಗು ಅದಕ್ಕೆ ಕೇಳುತ್ತಿತ್ತು, ಅದರ ಪುಟ್ಟ ರೇಡಿಯೋದ ಉತ್ತರ ರೂಟರಿಗೆ ಮುಟ್ಟುತ್ತಿರಲಿಲ್ಲ. ಹೊಸ ರೂಟರನ್ನು ಚೆಂದ ಕಾಣಲೆಂದು ಕಬ್ಬಿಣದ ಕಪಾಟಿನೊಳಗೆ ಇಟ್ಟವನು ನಾನೇ. ಹೊರಗೆ ತಂದೆ, 2.4 ಗಿಗಾಹರ್ಟ್ಸ್‌ನಲ್ಲಿ ಚಾನೆಲ್ ಅಗಲವನ್ನು 40ರಿಂದ 20 ಮೆಗಾಹರ್ಟ್ಸ್‌ಗೆ ಇಳಿಸಿದೆ, ತಾನೇ ಆರಿಸಿಕೊಳ್ಳುವುದನ್ನು ಬಿಡಿಸಿ 11ನೇ ಚಾನೆಲ್ಲಿಗೆ ಕಟ್ಟಿದೆ. ಸೇರಿತು, ಆದರೆ ರಾತ್ರಿ ಹೊತ್ತು ಬಿಟ್ಟುಹೋಗುತ್ತಿತ್ತು. ಅದಕ್ಕೆ ಇನ್ನೊಂದು ಕಾರಣ ಸಿಕ್ಕಿದ್ದು ಮಲ್ಟಿಮೀಟರ್ ಹಿಡಿದ ಮೇಲೆ. ಹೊಸ ರೂಟರಿನ ಅಡಾಪ್ಟರ್ ದಪ್ಪಗಿದ್ದು ಪವರ್ ಸ್ಟ್ರಿಪ್‌ನಲ್ಲಿ ಕೂರದ ಕಾರಣ ಹಳೆಯದನ್ನೇ ಚುಚ್ಚಿದ್ದೆ. ಎರಡೂ 12 ವೋಲ್ಟ್, ಪಿನ್ನೂ ಒಂದೇ. ಆದರೆ ಹಳೆಯದು 1 ಆಂಪಿಯರಿನದು, ಹೊಸ ರೂಟರ್ ಕೇಳುವುದು ಒಂದೂವರೆ. ಹೊರೆ ಬಿದ್ದಾಗ ವೋಲ್ಟೇಜ್ 11ಕ್ಕೂ ಕೆಳಗೆ ಕುಸಿಯುತ್ತಿತ್ತು. ಅಡಾಪ್ಟರ್ ಬದಲಿಸಿದ ಮೇಲೆ ರಾತ್ರಿಯ ತೊಂದರೆ ನಿಂತಿತು.

ಪ್ರಿಂಟರ್ ತೆರೆದ ನೆಟ್‌ವರ್ಕಿಗೆ ಸೇರಿತು. ಡಬ್ಲ್ಯುಪಿಎ2 ಮಾತ್ರ ಇದ್ದಾಗಲೂ ಸೇರಿತು, ನಿಜವಾದ ಪಾಸ್‌ವರ್ಡನ್ನೂ ಒಪ್ಪಿತು. ನಮ್ಮ ಮುಖ್ಯ ನೆಟ್‌ವರ್ಕಿಗೆ ಬಂದಾಗ ಮಾತ್ರ ಮುಖ ತಿರುಗಿಸಿತು. ಮುಖ್ಯ ನೆಟ್‌ವರ್ಕ್ ಡಬ್ಲ್ಯುಪಿಎ2 ಮತ್ತು 3ರ ಮಿಶ್ರ ಕ್ರಮದಲ್ಲಿತ್ತು. ಹೊಸ ರೂಟರುಗಳೆರಡೂ ಪೆಟ್ಟಿಗೆಯಿಂದ ಬಂದದ್ದೇ ಹಾಗೆ, ಎರಡನೆಯ ರೂಟರ್ ಕೊಂಡದ್ದು ವ್ಯರ್ಥವಾದದ್ದೂ ಅದರಿಂದಲೇ. ಡಬ್ಲ್ಯುಪಿಎ3 ಘೋಷಣೆಯಾದದ್ದು 2018ರಲ್ಲಿ. ನಮ್ಮ ಪ್ರಿಂಟರ್ ಅದಕ್ಕಿಂತ ಹಳೆಯದು. ಮಿಶ್ರ ಕ್ರಮದಲ್ಲಿ ರೂಟರ್ ಪಿಎಂಎಫ್ (ಸಂಪರ್ಕ ನಿಭಾಯಿಸುವ ಸಂದೇಶಗಳ ರಕ್ಷಣೆ) ಎಂಬುದನ್ನು "ಬೇಕಿದ್ದರೆ" ಎಂದು ಮುಂದಿಡುತ್ತದೆ. ಹಳೆಯ ಸಾಧನ ಅದನ್ನು ಕಡೆಗಣಿಸಿ ಮುಂದೆ ಹೋಗಬೇಕು, ಇದು ಹೋಗಲಿಲ್ಲ. 2.4ರಲ್ಲಿ ಡಬ್ಲ್ಯುಪಿಎ2, ಎಇಎಸ್, ಪಿಎಂಎಫ್ ಇಲ್ಲದ ಒಂದು ಪ್ರತ್ಯೇಕ ಹೆಸರು ಮಾಡಿ ಅದನ್ನು ಅಲ್ಲಿ ಕೂರಿಸಿದೆ. ಟಿಕೆಐಪಿಗೆ ಮಾತ್ರ ಇಳಿಯಬೇಡಿ. ಅದು ಹಳತಾದ ರಕ್ಷಣೆ, ವೇಗವೂ 54 ಮೆಗಾಬಿಟ್ಟಿಗೆ ಬೀಳುತ್ತದೆ. ಪ್ರಿಂಟರಿನ ಹಳೆಯ ನೆನಪನ್ನು ಬೇರುಸಮೇತ ಅಳಿಸಲು ಸರ್ವಿಸ್ ಮೆನುವಿಗೆ ಹೋಗಬೇಕಾಯಿತು. ಆ ಗುಂಡಿಗಳ ಕ್ರಮವನ್ನು ಇಲ್ಲಿ ಬರೆಯುವುದಿಲ್ಲ, ಒಂದು ಗುಂಡಿ ತಪ್ಪಿದರೆ ಯಂತ್ರವೇ ಮೂಲೆ ಸೇರುತ್ತದೆ.

ಲ್ಯಾಪ್‌ಟಾಪಿನದು ನನಗೆ ಅತ್ಯಂತ ಹೆಮ್ಮೆಯ ಪತ್ತೆ. ಹೊಸ ಹೆಸರಿನಲ್ಲಿ ಎಲ್ಲ ಮೆಟ್ಟಿಲನ್ನೂ, ನಿಜವಾದ ಪಾಸ್‌ವರ್ಡನ್ನೂ ದಾಟಿತು. ನಮ್ಮ ಹಳೆಯ ಹೆಸರು ಬಂದ ಕೂಡಲೇ ಸೋತಿತು. ಮಿಶ್ರ ಕ್ರಮವನ್ನು ತೆಗೆದು ನೋಡಿದರೂ ಸೋತಿತು. ಪಾಸ್‌ವರ್ಡ್ ಅದೇ, ರಕ್ಷಣೆ ಅದೇ, ಬದಲಾದದ್ದು ಹೆಸರು ಮಾತ್ರ. ಫೋನಿನ ವೈ-ಫೈ ಅನಲೈಸರ್ ಹಿಡಿದು ಮೇಲಿನ ಕೋಣೆಗೆ ಹೋದೆ. ನಮ್ಮದೇ ಹೆಸರು ಎರಡು ಸಾಲುಗಳಲ್ಲಿತ್ತು, ಬಿಎಸ್‌ಎಸ್‌ಐಡಿ ಎಂಬ ರೇಡಿಯೋ ಗುರುತು ಸಂಖ್ಯೆ ಬೇರೆ ಬೇರೆ. ಸಿಗ್ನಲ್ ಬಲ ಒಂದರದು ಮೈನಸ್ 71ರ ಆಸುಪಾಸು, ಇನ್ನೊಂದರದು ಮೈನಸ್ 38 (ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು). ಕೋಣೆಯಲ್ಲಿ ಒಂದೊಂದೇ ಹೆಜ್ಜೆ ಇಡುತ್ತಾ ಹೋದೆ. ಪುಸ್ತಕದ ಬೀರುವಿನ ಹತ್ತಿರ ಮೈನಸ್ 24 ಆಯಿತು. ಬೀರು ಸರಿಸಿದರೆ ಗೋಡೆಯ ಸಾಕೆಟ್ಟಿನಲ್ಲಿ, ಧೂಳು ಮೆತ್ತಿಕೊಂಡು, ಒಂದು ಹಸಿರು ದೀಪ. ವೈ-ಫೈ ದೂರ ಮುಟ್ಟಲೆಂದು ಮೂರು ವರ್ಷಗಳ ಹಿಂದೆ ಹಾಕಿ ಮರೆತಿದ್ದ ರೇಂಜ್ ಎಕ್ಸ್‌ಟೆಂಡರ್! ಆಮೇಲೆ ಎರಡು ಸಲ ಪಾಸ್‌ವರ್ಡ್ ಬದಲಿಸಿದ್ದೆವು, ಅದರ ಹೊಟ್ಟೆಯಲ್ಲಿ ಇನ್ನೂ ಮೊದಲಿನದೇ ಇತ್ತು. ರೂಟರಿನ ಸಂಪರ್ಕ ಕಡಿದುಹೋಗಿದ್ದರೂ ನಮ್ಮ ಹೆಸರನ್ನು ಕೂಗುತ್ತಲೇ ಇತ್ತು. ರೂಟರ್ ಬದಲಿಸಿದ ವಾರವೇ ಮಗಳ ಓದುವ ಮೇಜು ಮೇಲಕ್ಕೆ ಹೋಗಿತ್ತು. ಲ್ಯಾಪ್‌ಟಾಪ್ ಬಲವಾದ ದನಿಯ ಕಡೆಗೆ ಹೋಗುತ್ತಿತ್ತು, ಅಲ್ಲಿ ನಮ್ಮ ಪಾಸ್‌ವರ್ಡ್ ನಿಜವಾಗಿಯೇ ತಪ್ಪು. ಡಾಂಗಲ್ ಕೂಡ ಅಲ್ಲಿಗೇ ಹೋಗಿರುತ್ತದೆ. ಎಕ್ಸ್‌ಟೆಂಡರ್ ಕಿತ್ತ ಅರ್ಧ ನಿಮಿಷದಲ್ಲಿ, ಯಾರೂ ಏನೂ ಒತ್ತದೆ, ಲ್ಯಾಪ್‌ಟಾಪ್ ಸೇರಿಕೊಂಡಿತು.

ಅಪ್ಪನ ಫೋನ್ ಮೂರನೆಯ ಮೆಟ್ಟಿಲಿನಲ್ಲಿ, ನಿಜವಾದ ಪಾಸ್‌ವರ್ಡ್ ಬಂದಾಗ ಸೋತಿತು. ಹಾಗಾದರೆ ಅಕ್ಷರದಲ್ಲೇ ದೋಷ. ಅಪ್ಪ ಅದನ್ನು ನಾನು ಕಳಿಸಿದ್ದ ಸಂದೇಶದಿಂದ ನಕಲಿಸಿ ಅಂಟಿಸುತ್ತಿದ್ದರು. ನಮ್ಮ ಪಾಸ್‌ವರ್ಡಿನ ನಡುವೆ ಒಂದು ಒಂಟಿ ಉದ್ಧರಣ ಚಿಹ್ನೆ ಇತ್ತು. ಸಂದೇಶ ಬರೆಯುವಾಗ ಕೀಲಿಮಣೆ ಆ ನೇರ ಗೆರೆಯನ್ನು ಬಾಗಿದ ಗೆರೆಯಾಗಿಸಿತ್ತು. ಸಣ್ಣ ಪರದೆಯಲ್ಲಿ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಅಕ್ಷರವನ್ನು ನೂರರ ಗಾತ್ರಕ್ಕೆ ಹಿಗ್ಗಿಸಿದಾಗ ಬಾಲ ಕಂಡಿತು. ನೇರ ಗೆರೆ ಒಂದು ಬೈಟ್, ಬಾಗಿದ್ದು ಮೂರು. ಉದ್ದ 8ರಿಂದ 63ರ ಒಳಗೇ ಇದ್ದದ್ದರಿಂದ ಫೋನ್ ತಕರಾರಿಲ್ಲದೆ ಸ್ವೀಕರಿಸಿ ಬೇರೆಯೇ ಕೀಲಿ ಕಟ್ಟುತ್ತಿತ್ತು. ಈಗ ನಮ್ಮ ಪಾಸ್‌ವರ್ಡಿನಲ್ಲಿ ಚಿಹ್ನೆಗಳೇ ಇಲ್ಲ, ಬದಲಿಗೆ ಉದ್ದ 20 ದಾಟಿದೆ. ಅಲ್ಪವಿರಾಮ, ಅರ್ಧವಿರಾಮ ಬಿಟ್ಟದ್ದರಿಂದ ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡಿಗೂ ಅನುಕೂಲವಾಯಿತು. ಆ ಕೋಡಿನಲ್ಲಿ ಅರ್ಧವಿರಾಮವೇ ಭಾಗಗಳ ಗಡಿ. ಅದರ ಮುಂಚೆ ಹಿಮ್ಮುಖ ಓರೆಗೆರೆ (\) ಹಾಕದಿದ್ದರೆ ಪಾಸ್‌ವರ್ಡ್ ಅಲ್ಲಿಗೇ ತುಂಡಾಗುತ್ತದೆ.

ಅಕ್ಷರದ ಅನುಮಾನ ತೀರಿಸಿಕೊಳ್ಳಲು ಇನ್ನೊಂದು ಪ್ರಯೋಗ ಮಾಡಿದೆ. ಹೆಸರು ಮತ್ತು ಪಾಸ್‌ವರ್ಡ್ ಬೆರೆಸಿ 4096 ಸುತ್ತು ಅರೆದರೆ ಬರುವ ಕೀಲಿಯನ್ನು 64 ಹೆಕ್ಸ್ ಅಂಕಿಗಳಾಗಿ (0–9, a–f) ಲಿನಕ್ಸ್‌ನಲ್ಲಿ ಪಡೆದು, ಪಾಸ್‌ವರ್ಡಿನ ಜಾಗದಲ್ಲಿ ನೇರವಾಗಿ ಅದನ್ನೇ ತುಂಬಿದೆ. ಅಪ್ಪನ ಫೋನ್ ಕೂಡಲೇ ಸೇರಿತು. ದೋಷ ಬರಹದ್ದು, ಫೋನಿನದ್ದಲ್ಲ ಎಂಬುದು ಅಲ್ಲಿಗೆ ಖಚಿತ. ಡಬ್ಲ್ಯುಪಿಎ3ರಲ್ಲಿ ಇದು ನಡೆಯುವುದಿಲ್ಲ, ಅಲ್ಲಿ ಕೀಲಿ ಹುಟ್ಟುವ ಬಗೆಯೇ ಬೇರೆ.

ಅದೇ ಗುಂಗಿನಲ್ಲಿ ನೆಟ್‌ವರ್ಕಿಗೆ ಕನ್ನಡದ ಹೆಸರಿಟ್ಟೂ ನೋಡಿದೆ. ಹೆಸರಿಗೆ 32 ಬೈಟ್ ಮಿತಿ. ಕನ್ನಡದಲ್ಲಿ ವ್ಯಂಜನ, ಸ್ವರಚಿಹ್ನೆ, ಒತ್ತಕ್ಷರದ ಹಲಂತ ಪ್ರತಿಯೊಂದಕ್ಕೂ ಮೂರು ಬೈಟ್. "ನಮ್ಮ ಮನೆ" 22 ಬೈಟಿನಲ್ಲಿ ಆರಾಮವಾಗಿ ಕುಳಿತು ಎಲ್ಲ ಫೋನುಗಳಲ್ಲಿ ಚೆನ್ನಾಗಿ ಕಂಡಿತು. "ಮೇಲಿನ ಮನೆಯ ವೈಫೈ" 41 ಬೈಟ್ ಆಗಿ, ನನ್ನ ರೂಟರ್ ಅದನ್ನು ಹೇಳದೆ ಕೇಳದೆ "ಮೇಲಿನ ಮನೆಯ ವ" ಎಂದು ಕತ್ತರಿಸಿತು. ಪ್ರಿಂಟರಿನ ಪರದೆಯಲ್ಲಿ ಬರೀ ಚೌಕಗಳು ಕಂಡವು, ಆದರೂ ಸೇರಿತು. ಹೆಸರನ್ನು ಮರೆಮಾಡಿ ಕೈಯಿಂದ ಬರೆಯುವವರು ಮಾತ್ರ ಎಚ್ಚರವಾಗಿರಬೇಕು. ಪದದ ಕೊನೆಯಲ್ಲಿ ಕಣ್ಣಿಗೆ ಕಾಣದ ಜೋಡಣೆ-ತಡೆ ಅಕ್ಷರ ಒಂದು ಉಳಿದರೂ ಹೆಸರು ಬೇರೆಯಾಗುತ್ತದೆ, ಸಾಧನ ನೆಟ್‌ವರ್ಕನ್ನು ಹುಡುಕುತ್ತಲೇ ಇರುತ್ತದೆ.

ಮ್ಯಾಕ್ ಫಿಲ್ಟರ್, ಅಂದರೆ ಪಟ್ಟಿಯಲ್ಲಿರುವ ಸಾಧನ-ವಿಳಾಸಗಳನ್ನು ಮಾತ್ರ ಒಳಬಿಡುವ ವ್ಯವಸ್ಥೆ, ಇಟ್ಟುಕೊಂಡವರು ಇನ್ನೊಂದು ಮಾತು ಗಮನಿಸಿ. ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದ ಈಚೆಗೆ ಫೋನುಗಳು ನೆಟ್‌ವರ್ಕಿಗೊಂದು ಬೇರೆ ವಿಳಾಸ ತೊಟ್ಟುಕೊಳ್ಳುತ್ತವೆ. ಪಟ್ಟಿಯಲ್ಲಿ ಇರುವುದು ಹಳೆಯ ವಿಳಾಸವಾದರೆ ಬಾಗಿಲು ತೆರೆಯುವುದಿಲ್ಲ. ನಾನು ಆ ಫಿಲ್ಟರನ್ನೇ ತೆಗೆದುಹಾಕಿದೆ.

ಈಚೆಗೆ ಆರೇಳು ಮನೆಗಳಲ್ಲಿ ಈ ಮೆಟ್ಟಿಲು ಹತ್ತಿಸಿ ನೋಡಿದ್ದೇನೆ, ಒಂದರಲ್ಲಿ ಬಿಟ್ಟು ಎಲ್ಲೆಡೆ ಅರ್ಧ ಗಂಟೆಯೊಳಗೆ ಕಾರಣ ಸಿಕ್ಕಿತು. ಆ ಕಚೇರಿಯ ಗೆಳೆಯರಲ್ಲಿ ಒಬ್ಬರ ಮನೆಯೂ ಆ ಆರೇಳರಲ್ಲಿದೆ. ಮೊದಲ ಮೆಟ್ಟಿಲಿಗೂ ಮುಂಚೆ ಫೋನ್ ಹಿಡಿದು ನಾನು ನೋಡುವುದೊಂದಿದೆ, ಅದರಿಂದಲೇ ಅರ್ಧ ಪಾಲು ತಿಳಿದುಬಿಡುತ್ತದೆ. ಅದು ಸದ್ಯಕ್ಕೆ ನನ್ನ ಬಳಿಯೇ ಇರಲಿ.

ಕ್ಯಾಮೆರಾದ ಕೆಲಸ ಮಾತ್ರ ಇನ್ನೂ ಮುಗಿದಿಲ್ಲ. ಕರೆಂಟ್ ಹೋಗಿ ಬಂದಾಗ ಮೊದಲ ಪ್ರಯತ್ನದಲ್ಲಿ ಸೋತು ಎರಡನೆಯದರಲ್ಲಿ ಸೇರುತ್ತದೆ. ಗೇಟಿನವರೆಗೆ ಕೇಬಲ್ ಎಳೆಯಲು ಸುರುಳಿ ತಂದಿಟ್ಟಿದ್ದೇನೆ, ಮುಂದಿನ ರಜೆಯಲ್ಲಿ ಗೋಡೆ ಕೊರೆಯಬೇಕು.