ಭಜನೆ ಮಂಡಳಿಯವರ ಜೊತೆ ಜಾಜ್‌ಗೆ ಹೋದದ್ದು

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಕನ್ನಡ ಬಳಗದವರು ವರ್ಷಕ್ಕೆರಡು ಸಲ ಒಟ್ಟಿಗೆ ಹೊರಗೆ ಹೋಗುತ್ತೇವೆ. ಯಕ್ಷಗಾನ, ಇಲ್ಲದಿದ್ದರೆ ನಾಟಕ. ಈ ಸಲ ನಾನು "ನರಿಮನ್ ಪಾಯಿಂಟ್‌ನ ಟಾಟಾ ಥಿಯೇಟರ್‌ನಲ್ಲಿ ಜಾಜ್ ಗಾಯನ ಇದೆ" ಅಂದಾಗ ಎಲ್ಲರೂ ಸುಮ್ಮನಾದರು. "ಕುಣೀಬೇಕಾ?" ಎಂದು ಒಬ್ಬರು ಕೇಳಿದರು. ಇಲ್ಲ ಅಂದ ಮೇಲೆ ಹತ್ತೊಂಬತ್ತು ಜನ ಹೆಸರು ಕೊಟ್ಟರು.

ಶನಿವಾರದ ಆಟವೇ ಬೇಕೆಂದು ಹಟ ಹಿಡಿದೆ. ಭಾನುವಾರ ಸೆಂಟ್ರಲ್ ಲೈನಿನಲ್ಲಿ ಹಳಿ ದುರಸ್ತಿಗೆಂದು ರೈಲು ಕಡಿಮೆ ಮಾಡುವ ಮೆಗಾಬ್ಲಾಕ್ ಬಂದರೆ ಎಪ್ಪತ್ತು ದಾಟಿದವರನ್ನು ಆ ನೂಕುನುಗ್ಗಲಿನಲ್ಲಿ ಹತ್ತಿಸುವುದು ಯಾರು? ಟಿಕೆಟ್ ದುಡ್ಡನ್ನೂ ಮೊದಲೇ ವಸೂಲಿ ಮಾಡಿದೆ.

ತಯಾರಿಯಲ್ಲಿ ಮೊದಲು ಎಡವಿದೆ. ನ್ಯೂ ಆರ್ಲಿಯನ್ಸ್‌ನಿಂದ ಶುರುಮಾಡಿ ಜಾಜ್ ಇತಿಹಾಸ ಹೇಳಹೊರಟೆ. ಐದೇ ನಿಮಿಷಕ್ಕೆ ಆಕಳಿಕೆ. ಅದನ್ನು ಬಿಟ್ಟು ಒಂದೇ ಹಾಡು ಹಿಡಿದೆ. 'ಸಮ್ಮರ್‌ಟೈಮ್', ಜಾರ್ಜ್ ಗರ್ಶ್‌ವಿನ್ 1935ರ ತನ್ನ ಒಪೆರಾಕ್ಕೆ (ಹಾಡಿನಲ್ಲೇ ನಡೆಯುವ ನಾಟಕ) ರಾಗ ಹಾಕಿದ ಜೋಗುಳ. ಮೊದಲು ಒಪೆರಾದಲ್ಲಿ ಹಾಡುವ ಹಾಗೆ ಕೇಳಿಸಿದೆ. ಆಮೇಲೆ ಜಾಜ್ ಗಾಯಕರಾದ ಎಲಾ ಫಿಟ್ಜೆರಾಲ್ಡ್ ಮತ್ತು ಲೂಯಿ ಆರ್ಮ್‌ಸ್ಟ್ರಾಂಗ್ ಹಾಡಿದ್ದು. ಹಾಡು ಅದೇ, ಎಳೆಯುವ ಜಾಗ ಬೇರೆ, ಉಸಿರು ನಿಲ್ಲಿಸುವ ಜಾಗ ಬೇರೆ. ಒಂದೇ ದೇವರನಾಮವನ್ನು ಹತ್ತು ಜನರ ಬಾಯಲ್ಲಿ ಕೇಳಿದವರಿಗೆ ಇದಕ್ಕಿಂತ ಜಾಸ್ತಿ ವಿವರಣೆ ಬೇಕಾಗಲಿಲ್ಲ.

ಲೋಕಲ್‌ನಲ್ಲಿ ಕೊನೆಯ ನಿಲ್ದಾಣ ಸಿಎಸ್‌ಎಂಟಿಯಲ್ಲಿ ಇಳಿದು ಐದು ಟ್ಯಾಕ್ಸಿ ಹಿಡಿದೆವು. ನನ್ನ ಪಕ್ಕ ನಮ್ಮ ಶೆಟ್ರು. 1960ರ ಸುಮಾರಿಗೆ ಮುಂಬೈಯ ಫೋರ್ಟ್ ಪ್ರದೇಶದ ಹೋಟೆಲೊಂದರಲ್ಲಿ ಕಪ್ ತೊಳೆಯುತ್ತಾ ರಾತ್ರಿ ಶಾಲೆಗೆ ಹೋಗುತ್ತಿದ್ದವರು. ಇಂದಿನ ವೀರ್ ನರಿಮನ್ ರಸ್ತೆಗೆ ಆಗ ಚರ್ಚ್‌ಗೇಟ್ ಸ್ಟ್ರೀಟ್ ಎನ್ನುತ್ತಿದ್ದರು. ಅಲ್ಲಿನ ರೆಸ್ಟೋರೆಂಟ್‌ಗಳಲ್ಲಿ ಜಾಜ್ ಬ್ಯಾಂಡ್ ಇರುತ್ತಿತ್ತು. ಬಾರಿಸುವವರಲ್ಲಿ ಗೋವಾದವರು ಬಹಳ. ಅವರಲ್ಲಿ ಎಷ್ಟೋ ಜನ ಹಗಲು ಹಿಂದಿ ಸಿನಿಮಾ ಆರ್ಕೆಸ್ಟ್ರಾದಲ್ಲಿರುತ್ತಿದ್ದರು. "ಯಾರಾದ್ರೂ ಬಾಗಿಲು ತೆಗೆದಾಗ ಒಂದು ತುಂಡು ಕೇಳ್ತಿತ್ತು ಮಾರಾಯ್ರೆ. ಬಾಗಿಲು ಹಾಕಿದ್ರೆ ಮುಗೀತು" ಎಂದರು ಶೆಟ್ರು. ಇಷ್ಟು ವರ್ಷದಲ್ಲಿ ಬಳಗದ ಯಾರಿಗೂ ಅವರು ಇದನ್ನು ಹೇಳಿರಲಿಲ್ಲ.

ಪಿಯಾನೋ, ಡಬಲ್ ಬೇಸ್, ಡ್ರಮ್ಸ್, ಮುಂದೆ ಗಾಯಕಿ. ಎರಡನೇ ಹಾಡಿಗೆ ಗಾಯಕಿ ಚಪ್ಪಾಳೆ ಕೇಳಿದಳು. ನಮ್ಮ ಸಾಲು ನಾಲ್ಕೆಣಿಕೆಯ ಲಯದಲ್ಲಿ ಒಂದು, ಮೂರನೇ ಎಣಿಕೆಗೆ ಜೋರಾಗಿ ತಟ್ಟಿತು, ಗುರುವಾರದ ಭಜನೆಯ ಹಾಗೇ. ಮುಂದಿನ ಸಾಲಿನವರು ತಿರುಗಿ ನೋಡಿದರು. ಜಾಜ್‌ನಲ್ಲಿ ಚಪ್ಪಾಳೆ ಬೀಳುವುದು ಎರಡು, ನಾಲ್ಕಕ್ಕೆ. ಇದನ್ನು ಹೇಳಿಕೊಡಲು ನಾನೇ ಮರೆತಿದ್ದೆ. ಭಜನೆ ಮಂಡಳಿಯ ಮಾಮಿ ಡ್ರಮ್ಮರ್‌ನ ಎಡಗಾಲನ್ನೇ ದಿಟ್ಟಿಸಿದರು. ಆ ಕಾಲು ಒತ್ತಿದಾಗಲೆಲ್ಲ ಜೋಡಿ ತಾಳ 'ಚಿಕ್' ಅನ್ನುತ್ತಿತ್ತು. "ಅಲ್ಲಿದೆ ನೋಡು" ಎಂದು ನನ್ನ ಮೊಣಕೈ ತಿವಿದು, ಅದಕ್ಕೇ ಸರಿಯಾಗಿ ತಟ್ಟತೊಡಗಿದರು. ಸಾಲಿನವರೆಲ್ಲ ಅವರನ್ನು ನೋಡಿ ಸರಿಮಾಡಿಕೊಂಡರು. ನಾನು ಮಾತ್ರ ಕೊನೆಯವರೆಗೂ ಆಗಾಗ ತಪ್ಪಿದೆ.

ಮಾತೇ ಇಲ್ಲದ 'ಡು-ಬಾ-ಡು' ಬಂದಾಗ ಯಾರೂ ಬೆಚ್ಚಲಿಲ್ಲ, ತರಾನಾ ಕೇಳಿದ ಕಿವಿಗಳಲ್ವಾ. 'ಸಮ್ಮರ್‌ಟೈಮ್' ಕೂಡ ಬಂತು, ಆದರೆ ಓಡುವ ಲಯದಲ್ಲಿ. "ಹೀಗೆ ಹಾಡಿದ್ರೆ ಮಲಗಿದ ಮಗುನೂ ಎದ್ದು ಕೂರುತ್ತೆ" ಎಂದರು ಮಾಮಿ. ಪಿಯಾನೋದವನ ಸರದಿ ಮುಗಿದಾಗ ಹಾಡಿನ ನಡುವೆಯೇ ಚಪ್ಪಾಳೆ ಬಿತ್ತು. ಮೊದಲು ತಟ್ಟಿದವರು ಶೆಟ್ರು.

ವಾಪಸ್ ಲೋಕಲ್‌ನಲ್ಲಿ ಚಕ್ಕುಲಿ ಡಬ್ಬ ತೆರೆಯಿತು. ಮಾಮಿ ಪುರಂದರದಾಸರ ಒಂದು ಪದ ಎತ್ತಿಕೊಂಡು ಎರಡು, ನಾಲ್ಕಕ್ಕೆ ತಟ್ಟಿ ನೋಡಿದರು. ಠಾಣೆಯವರೆಗೂ ಕೂರಲಿಲ್ಲ. ಮುಂಬ್ರಾ ದಾಟುವಾಗ ಕೂತಿತು.

ಟ್ಯಾಕ್ಸಿ ದುಡ್ಡು ಇನ್ನೂ ಇಬ್ಬರಿಂದ ಬರಬೇಕು. ಮುಂದಿನ ಸಲ ಅದನ್ನೂ ಟಿಕೆಟ್ ಜೊತೆಗೇ ತಗೊಳ್ಳುತ್ತೇನೆ.